ಎರಡು ಲಕ್ಷ ಎಂಬ ಮಾತು, 95,940 ಎಂಬ ಪಟ್ಟಿ: ಬೋಸ್ನಿಯಾದ ಸತ್ತವರನ್ನು ಎಣಿಸಿದ ಪ್ರಕರಣ

2007ರ ಜೂನ್‌ನಲ್ಲಿ ಬೋಸ್ನಿಯಾದ ರಾಜಧಾನಿ ಸರಾಯೆವೊದ ಒಂದು ಸಣ್ಣ ಸಂಸ್ಥೆ, ಯುಗೊಸ್ಲಾವಿಯಾ ಒಡೆದಾಗ 1992ರಿಂದ 1995ರವರೆಗೆ ನಡೆದ ಬೋಸ್ನಿಯಾ ಯುದ್ಧದಲ್ಲಿ ಸತ್ತವರ ಮತ್ತು ಕಾಣೆಯಾದವರ ಲೆಕ್ಕವನ್ನು ಜನರ ಮುಂದಿಟ್ಟಿತು: 97,207. ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು, ಸತ್ತ ಜಾಗ ಎಲ್ಲವನ್ನೂ ಬರೆದಿಟ್ಟ ಪಟ್ಟಿ ಅದು. ಯುದ್ಧ ಮುಗಿದು ಅಷ್ಟು ಹೊತ್ತಿಗೆ ಹನ್ನೆರಡು ವರ್ಷ ಆಗುತ್ತ ಬಂದಿತ್ತು. ಅಷ್ಟೂ ಕಾಲ ಪತ್ರಿಕೆಗಳು, ರಾಜತಾಂತ್ರಿಕರು, ಊರ ರಾಜಕಾರಣಿಗಳು ಹೇಳಿಕೊಂಡು ಬಂದದ್ದು "ಎರಡು ಲಕ್ಷ" ಎಂದು. ಕೆಲವರ ಬಾಯಲ್ಲಿ ಅದು ಎರಡೂವರೆ ಲಕ್ಷವೂ ಆಗುತ್ತಿತ್ತು.

ಸತ್ತರು ಅಂದುಕೊಂಡಿದ್ದ ಲಕ್ಷ ಜನ ನಿಜಕ್ಕೂ ಸತ್ತಿರಲಿಲ್ಲ ಅಂದರೆ ಸಮಾಧಾನದ ಸುದ್ದಿ ತಾನೇ, ಅಂತ ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ಸರಾಯೆವೊದಲ್ಲಿ ಹಾಗಾಗಲಿಲ್ಲ. ಸಂಸ್ಥೆಯ ಮುಖ್ಯಸ್ಥ ಮಿರ್ಸಾದ್ ತೊಕಾಚಾ ಬೋಸ್ನಿಯಾಕ್, ಅಂದರೆ ಬೋಸ್ನಿಯಾದ ಮುಸ್ಲಿಮ್ ಸಮುದಾಯದವರು. ಯುದ್ಧದಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಸಮುದಾಯ ಅದೇ. ನಮ್ಮ ಸತ್ತವರನ್ನು ಅರ್ಧ ಮಾಡಿ ಕೊಂದವರ ಹೊರೆ ಇಳಿಸಿಕೊಟ್ಟೆ ಎಂಬ ಆರೋಪ ಅವರ ಮೇಲೆ ಬಂದದ್ದು ಆ ಸಮುದಾಯದ ಒಳಗಿನಿಂದಲೇ. ನಾರ್ವೆ ಸರ್ಕಾರದ ನೆರವಿನಿಂದ ನಡೆದ ಕೆಲಸ ಎಂಬುದೂ ಅನುಮಾನಕ್ಕೆ ಮೇವಾಯಿತು. ಇತ್ತ, ಯುದ್ಧದಲ್ಲಿ ಎದುರು ಪಕ್ಷವಾಗಿದ್ದ ಸರ್ಬ್ ರಾಷ್ಟ್ರವಾದಿಗಳು ಒಟ್ಟು ಸಂಖ್ಯೆಯನ್ನು ಸಂತೋಷದಿಂದ ಎತ್ತಿಕೊಂಡು, ಅದರ ಕೆಳಗಿದ್ದ ವಿಂಗಡಣೆಯನ್ನು ಕಂಡೂ ಕಾಣದಂತೆ ಇದ್ದುಬಿಟ್ಟರು.

ಯುಗೊಸ್ಲಾವಿಯಾ ಒಡೆದ ಕಥೆಯನ್ನು ಬರೆದವರು ಸಾಕಷ್ಟಿದ್ದಾರೆ. ನನ್ನ ಮಟ್ಟಿಗೆ ಅವರೆಲ್ಲರಿಗಿಂತ ಮೊದಲು ಓದಬೇಕಾದದ್ದು ಈ ಪಟ್ಟಿಯನ್ನೇ. ಆ ದೇಶದಲ್ಲಿ ಒಡಕಿನ ಇತಿಹಾಸವನ್ನು ಒಡೆಯುವ ಮೊದಲೇ ಬರೆಯಲು ಕೂತವರು ಸಾಹಿತಿಗಳು ಮತ್ತು ಇತಿಹಾಸಕಾರರು. ಅವರ ಕೈಗೆ ಸಲೀಸಾಗಿ ಸಿಕ್ಕ ಸಾಮಾನು ಸತ್ತವರ ದುಂಡು ಸಂಖ್ಯೆ. ಆ ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನು ನೋಡದಿದ್ದರೆ 2007ರ ಸಿಟ್ಟು ಅರ್ಥವಾಗುವುದಿಲ್ಲ.

ಮೊದಲ ಸುಳ್ಳು ಲೆಕ್ಕ

ನಮ್ಮ ಹಿರಿಯರಿಗೆ ಯುಗೊಸ್ಲಾವಿಯಾ ಎಂದರೆ ನೆಹರೂ, ನಾಸರ್ ಜೊತೆ ನಿಂತ ಮಾರ್ಷಲ್ ಟಿಟೊ. 1961ರಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ನಡೆದ ಬೆಲ್‌ಗ್ರೇಡ್. ಆರು ಗಣರಾಜ್ಯ, ಎರಡು ಸ್ವಾಯತ್ತ ಪ್ರಾಂತ್ಯ, ಸರ್ಬ್, ಕ್ರೊಯಾಟ್, ಸ್ಲೊವೀನ್, ಮ್ಯಾಸಿಡೋನಿಯನ್, ಮುಸ್ಲಿಮ್, ಅಲ್ಬೇನಿಯನ್ ಜನ. ಈ ಒಕ್ಕೂಟ ಕಟ್ಟಿದ್ದು ಎರಡನೇ ಮಹಾಯುದ್ಧದ ಹೆಣಗಳ ಮೇಲೆ. ಜರ್ಮನರು ಕೊಂದದ್ದು ಒಂದು ಕಡೆಯಾದರೆ, ನಾಜಿಗಳ ಕೈಕೆಳಗೆ ಕ್ರೊಯೇಷಿಯಾವನ್ನು ಆಳಿದ ಉಸ್ತಾಶಾಗಳು ಸರ್ಬರನ್ನು, ಯಹೂದಿಗಳನ್ನು, ರೋಮಾ ಜನರನ್ನು ಕೊಂದರು. ರಾಜನ ಪರವಿದ್ದ ಸರ್ಬ್ ಪಡೆಯಾದ ಚೆತ್ನಿಕರು ಮುಸ್ಲಿಮರನ್ನೂ ಕ್ರೊಯಾಟರನ್ನೂ ಕೊಂದರು. ಗೆದ್ದ ಪಾರ್ಟಿಸಾನರು, ಅಂದರೆ ಟಿಟೊ ನಾಯಕತ್ವದ ಕಮ್ಯುನಿಸ್ಟ್ ಹೋರಾಟಗಾರರು, ಸೋತವರನ್ನು ಸಾಲಾಗಿ ನಿಲ್ಲಿಸಿ ಕೊಂದರು.

ಯುದ್ಧ ಮುಗಿದ ಕೂಡಲೇ ಹೊಸ ಸರ್ಕಾರ ಯುದ್ಧಪರಿಹಾರ ಕೇಳುವಾಗ ಕೊಟ್ಟ ಸಂಖ್ಯೆ 17,06,000. ಶಾಲೆಯ ಪುಸ್ತಕದಿಂದ ಹಿಡಿದು ಸ್ಮಾರಕದ ಭಾಷಣದವರೆಗೆ ಅದೇ ನಿಂತಿತು. ಇಷ್ಟು ಜನ ಯುದ್ಧದಲ್ಲಿ ಸತ್ತರೇ? ಯುದ್ಧವಿಲ್ಲದಿದ್ದರೆ ಜನಸಂಖ್ಯೆ ಎಷ್ಟಿರಬೇಕಿತ್ತು, ಈಗ ಎಷ್ಟಿದೆ ಎಂದು ಕಳೆದರೆ ಬರುವ ನಷ್ಟದಲ್ಲಿ ಹುಟ್ಟದೇ ಹೋದ ಮಕ್ಕಳು, ದೇಶ ಬಿಟ್ಟು ಹೋದವರು ಎಲ್ಲ ಸೇರುತ್ತಾರೆ. ಅದನ್ನು ಸತ್ತವರ ಸಂಖ್ಯೆ ಎಂದು ಓದಿದರೆ ಲಕ್ಷಗಟ್ಟಲೆ ಹೆಚ್ಚು ಬರುತ್ತದೆ.

1964ರಲ್ಲಿ ಸರ್ಕಾರವೇ ಒಮ್ಮೆ ಹೆಸರು ಹಿಡಿದು ಎಣಿಸಲು ಹೊರಟಿತು. ಪಶ್ಚಿಮ ಜರ್ಮನಿಯಿಂದ ಪರಿಹಾರ ಕೇಳಲು ಪಟ್ಟಿ ಬೇಕಿತ್ತು. ಮನೆ ಮನೆಗೆ ಹೋಗಿ ಬರೆಸಿಕೊಂಡಾಗ ಸಿಕ್ಕಿದ್ದು 5,97,323 ಹೆಸರು. ಸೋತ ಪಕ್ಷಗಳ ಪರ ಸತ್ತವರನ್ನು ಆ ಗಣತಿ ಸೇರಿಸಿಕೊಂಡಿರಲಿಲ್ಲ. ಇಡೀ ಕುಟುಂಬವೇ ಅಳಿದ ಮನೆಗಳಲ್ಲಿ ಹೆಸರು ಹೇಳಲು ಯಾರೂ ಉಳಿದಿರಲಿಲ್ಲ. ಆದ್ದರಿಂದ ಅದು ಅಪೂರ್ಣ, ನಿಜ. ಅಪೂರ್ಣವಾದದ್ದನ್ನು ಪೂರ್ಣಗೊಳಿಸಬಹುದಿತ್ತು. ಸರ್ಕಾರ ಮಾಡಿದ್ದು ಬೇರೆ: ಅಧಿಕೃತ ಸಂಖ್ಯೆಯ ಹತ್ತಿರಕ್ಕೂ ಬಾರದ ಪಟ್ಟಿಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿತು. ಹೊರಬರಲು ಇಪ್ಪತ್ತೈದು ವರ್ಷ ಬೇಕಾಯಿತು.

ಮುಚ್ಚಿಟ್ಟದ್ದು ಕಾಗದವನ್ನಷ್ಟೇ ಅಲ್ಲ. ಬೋಸ್ನಿಯಾದ ದಕ್ಷಿಣ ಭಾಗವಾದ ಹರ್ಜೆಗೊವಿನಾದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಆಳವಾದ ಬಾವಿಗಳಂಥ ಬಿಲಗಳಿವೆ. 1941ರ ಆಗಸ್ಟ್‌ನಲ್ಲಿ ಪ್ರೆಬಿಲೊವ್ಸಿ ಎಂಬ ಸರ್ಬ್ ಹಳ್ಳಿಯ ನೂರಾರು ಹೆಂಗಸರು, ಮಕ್ಕಳನ್ನು ಉಸ್ತಾಶಾಗಳು ಶುರ್ಮಾನ್ಸಿ ಬಳಿಯ ಬಿಲಕ್ಕೆ ತಳ್ಳಿ ಕೊಂದರು. 1961ರಲ್ಲಿ ಕಮ್ಯುನಿಸ್ಟ್ ಸರ್ಕಾರ ಆ ಬಿಲದ ಬಾಯಿಗೆ ಕಾಂಕ್ರೀಟ್ ಹಾಕಿಸಿ ಮುಚ್ಚಿಸಿತು. ಹಳೆಯದನ್ನು ಕೆದಕಿದರೆ "ಸೋದರತ್ವ ಮತ್ತು ಏಕತೆ" ಎಂಬ ಒಕ್ಕೂಟದ ಘೋಷಣೆಗೆ ಧಕ್ಕೆ ಎಂಬ ಲೆಕ್ಕಾಚಾರ. ಸತ್ತವರ ಮನೆಯವರಿಗೆ ಎಲುಬು ಎತ್ತಿ ಮಣ್ಣು ಮಾಡುವ ಅವಕಾಶವೂ ಸಿಗಲಿಲ್ಲ. ಒಕ್ಕೂಟ ಕುಸಿಯುತ್ತಿದ್ದಾಗ ಕಾಂಕ್ರೀಟ್ ಒಡೆದರು, ಎಲುಬು ಮೇಲೆತ್ತಿದರು, 1991ರ ಆಗಸ್ಟ್‌ನಲ್ಲಿ ದೊಡ್ಡ ಸಮಾರಂಭ ಮಾಡಿ ಹಳ್ಳಿಯಲ್ಲಿ ಸಮಾಧಿ ಮಾಡಿದರು. ಮರುವರ್ಷ ಕ್ರೊಯಾಟ್ ಪಡೆಗಳು ಆ ಸಮಾಧಿಯನ್ನೇ ಸ್ಫೋಟಿಸಿದವು. ಸತ್ತವರು ಎರಡನೇ ಸಲ ಕಣಕ್ಕಿಳಿದಂತಾಯಿತು.

ಲೇಖನಿ ಹಿಡಿದವರು

ಟಿಟೊ ಸತ್ತದ್ದು 1980ರ ಮೇನಲ್ಲಿ. ಆಮೇಲಿನ ಹತ್ತು ವರ್ಷ ಒಕ್ಕೂಟಕ್ಕೂ ಸರ್ಬಿಯಾಕ್ಕೂ ರಾಜಧಾನಿಯಾಗಿದ್ದ ಬೆಲ್‌ಗ್ರೇಡ್‌ನಲ್ಲಿ ನಡೆದದ್ದನ್ನು ಸಾಹಿತ್ಯ ಚರಿತ್ರೆ ಎಂದೂ ಓದಬಹುದು, ರಾಜಕೀಯ ಚರಿತ್ರೆ ಎಂದೂ ಓದಬಹುದು. ಫ್ರಾನ್ಸುಸ್ಕಾ 7 ಎಂಬ ವಿಳಾಸದಲ್ಲಿದ್ದ ಸಾಹಿತಿಗಳ ಸಂಘದಲ್ಲಿ, ಸರ್ಬಿಯಾದೊಳಗೆ ಅಲ್ಬೇನಿಯನ್ನರೇ ಹೆಚ್ಚಿದ್ದ ಕೊಸೊವೊ ಪ್ರಾಂತ್ಯದ ಬಗ್ಗೆ ಸಂಜೆ ಸಭೆಗಳು ನಡೆದವು. ಮೊದಮೊದಲು ಅಲ್ಲಿ ವಾಕ್‌ಸ್ವಾತಂತ್ರ್ಯಕ್ಕಾಗಿ ಸಹಿ ಸಂಗ್ರಹಿಸುತ್ತಿದ್ದವರೇ ನಂತರ ಜನಾಂಗದ ಗಾಯಗಳನ್ನು ಎಣಿಸತೊಡಗಿದರು. 1986ರ ಸೆಪ್ಟೆಂಬರ್ 24 ಮತ್ತು 25ರಂದು ಬೆಲ್‌ಗ್ರೇಡ್‌ನ ಸಂಜೆ ಪತ್ರಿಕೆಯೊಂದು ಸರ್ಬಿಯಾದ ವಿಜ್ಞಾನ ಮತ್ತು ಕಲಾ ಅಕಾಡೆಮಿ ತಯಾರಿಸುತ್ತಿದ್ದ ಅಪೂರ್ಣ ಕರಡನ್ನು ಬಯಲಿಗೆಳೆಯಿತು. ಇತಿಹಾಸಕಾರರು, ಅರ್ಥಶಾಸ್ತ್ರಜ್ಞರು, ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಸೇರಿ ಬರೆಯುತ್ತಿದ್ದ ದಾಖಲೆ ಅದು. ಮೊದಲ ಭಾಗ ಒಕ್ಕೂಟದ ಆರ್ಥಿಕ ಅಧೋಗತಿಯ ಬಗ್ಗೆ. ಅದರಲ್ಲಿ ಒಪ್ಪುವಂಥ ಮಾತು ಬೇಕಾದಷ್ಟಿವೆ. ಎರಡನೇ ಭಾಗಕ್ಕೆ ಬಂದರೆ ಧಾಟಿಯೇ ಬೇರೆ: ಕೊಸೊವೊದಲ್ಲಿ ಸರ್ಬರ ನರಮೇಧ ನಡೆಯುತ್ತಿದೆ ಎಂದು ಆರೋಪ. ಕೊಸೊವೊದ ಸರ್ಬರಿಗೆ ಕಿರುಕುಳವಿತ್ತು, ಅವರು ಊರು ಬಿಟ್ಟು ಹೋಗುತ್ತಿದ್ದರು. ಅದನ್ನು ನರಮೇಧ ಎಂದು ಕರೆದ ಮೇಲೆ ಮಾತುಕತೆಗೆ ಜಾಗ ಎಲ್ಲಿ ಉಳಿಯುತ್ತದೆ?

ಆ ವಲಯದ ಹಿರಿಯಣ್ಣನಂತಿದ್ದ ಕಾದಂಬರಿಕಾರ ದೊಬ್ರಿತ್ಸಾ ಚೋಸಿಚ್ 1992ರಲ್ಲಿ ಅಳಿದುಳಿದ ಯುಗೊಸ್ಲಾವಿಯಾದ ಅಧ್ಯಕ್ಷರಾದರು. ಒಂದೇ ವರ್ಷಕ್ಕೆ ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್ ಕಡೆಯವರು ಅವರನ್ನು ಕೆಳಗಿಳಿಸಿದರು.

ಕ್ರೊಯೇಷಿಯಾದಲ್ಲಿ ಅಧಿಕಾರಕ್ಕೆ ಬಂದದ್ದು ಇತಿಹಾಸಕಾರನೇ. ಫ್ರಾನ್ಯೊ ತುಜ್ಮನ್ ಹರೆಯದಲ್ಲಿ ಪಾರ್ಟಿಸಾನ್, ಆಮೇಲೆ ಯುಗೊಸ್ಲಾವ್ ಸೇನೆಯ ಜನರಲ್, 1961ರಿಂದ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಕಾರ್ಮಿಕ ಚಳವಳಿ ಇತಿಹಾಸ ಸಂಸ್ಥೆಯ ನಿರ್ದೇಶಕ. ಅವರು ಕಮ್ಯುನಿಸ್ಟ್ ಪಕ್ಷದೊಂದಿಗೆ ಕಾದಾಡಿದ್ದು ಹೆಚ್ಚಾಗಿ ಈ ಸತ್ತವರ ಸಂಖ್ಯೆಯ ಮೇಲೆಯೇ. ಉಸ್ತಾಶಾಗಳು ಜನರನ್ನು ಕೂಡಿಹಾಕಿ ಕೊಂದ ಯಾಸೆನೊವಾಟ್ಸ್ ಶಿಬಿರದಲ್ಲಿ ಏಳು ಲಕ್ಷ ಜನ ಸತ್ತರು ಎಂದು ಅಧಿಕೃತ ವಲಯಗಳಲ್ಲಿ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆ ಎಂದು ತುಜ್ಮನ್ ವಾದಿಸಿದರು. ಪಕ್ಷದಿಂದ ಹೊರಬಿದ್ದರು, ಎರಡು ಸಲ ಜೈಲಿಗೆ ಹೋದರು. ಉತ್ಪ್ರೇಕ್ಷೆ ಎಂಬ ಮಾತು ಸರಿಯಾಗಿತ್ತು. ಆದರೆ 1989ರ ಪುಸ್ತಕದಲ್ಲಿ ಅವರು ತಾವೇ ಕೊಟ್ಟ ಸಂಖ್ಯೆ ಮೂವತ್ತರಿಂದ ನಲವತ್ತು ಸಾವಿರ. ಅಂದರೆ ಒಂದು ತಪ್ಪನ್ನು ಹಿಡಿದು ಇನ್ನೊಂದು ತಪ್ಪಿಗೆ ಹೋದರು. ಮರುವರ್ಷ ಅವರು ಕ್ರೊಯೇಷಿಯಾದ ಅಧ್ಯಕ್ಷ. ಆ ಗಣರಾಜ್ಯದ ಸರ್ಬರ ಕಿವಿಗೆ ಯಾಸೆನೊವಾಟ್ಸ್ ಸಂಖ್ಯೆಯನ್ನು ತಗ್ಗಿಸಿದ ಮನುಷ್ಯ ಈಗ ನಮ್ಮನ್ನು ಆಳುತ್ತಾನೆ ಎಂಬುದಷ್ಟೇ ಬಿತ್ತು. ಹೆದರಿಸುವ ಕೆಲಸವನ್ನು ಬೆಲ್‌ಗ್ರೇಡ್‌ನ ಟೆಲಿವಿಷನ್ ನೋಡಿಕೊಂಡಿತು.

ಇದೇ ಹೊತ್ತಿಗೆ ಇಬ್ಬರು ಸದ್ದಿಲ್ಲದೆ ಲೆಕ್ಕ ಹಾಕುತ್ತಿದ್ದರು. ಒಬ್ಬ ವಿದೇಶದಲ್ಲಿ ನೆಲೆಸಿದ್ದ ಸರ್ಬ್, ಬೊಗೊಲ್ಯುಬ್ ಕೊಚೊವಿಚ್. ಇನ್ನೊಬ್ಬ ಜಾಗ್ರೆಬ್‌ನ ಕ್ರೊಯಾಟ್ ಅರ್ಥಶಾಸ್ತ್ರಜ್ಞ ವ್ಲಾದಿಮಿರ್ ಝೆರ್ಯಾವಿಚ್. ಇಬ್ಬರೂ ಬೇರೆ ಬೇರೆಯಾಗಿ ಜನಗಣತಿಗಳನ್ನು ಹಿಡಿದು ಕೂತರು. 1985ರಲ್ಲಿ ಲಂಡನ್‌ನಲ್ಲಿ ಕೊಚೊವಿಚ್ ಪ್ರಕಟಿಸಿದ ಒಟ್ಟು ಸಾವು 10,14,000. 1989ರಲ್ಲಿ ಝೆರ್ಯಾವಿಚ್ ಪ್ರಕಟಿಸಿದ್ದು 10,27,000. ಹದಿಮೂರು ಸಾವಿರದ ವ್ಯತ್ಯಾಸ! ಒಬ್ಬ ಸರ್ಬ್, ಒಬ್ಬ ಕ್ರೊಯಾಟ್, ನಡುವೆ ಇಡೀ ಖಂಡ. ಉತ್ತರ ಹೆಚ್ಚುಕಮ್ಮಿ ಒಂದೇ. ಆ ದೇಶದ ಬೌದ್ಧಿಕ ಜಗತ್ತು ಅದನ್ನು ಹಬ್ಬದಂತೆ ಆಚರಿಸಬೇಕಿತ್ತು. ದುಂಡು ಸಂಖ್ಯೆಗಳ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಮುಂದೆ ಯಾಸೆನೊವಾಟ್ಸ್ ಸ್ಮಾರಕ ಸಂಸ್ಥೆಯೇ ಹೆಸರು ಹಿಡಿದು ಪಟ್ಟಿ ಮಾಡಿತು: 83,145 ಜನ. ಅವರಲ್ಲಿ 47,627 ಸರ್ಬರು, 16,173 ರೋಮಾ, 13,116 ಯಹೂದಿಗಳು. 20,101 ಮಂದಿ ಹದಿನಾಲ್ಕು ತುಂಬದ ಮಕ್ಕಳು. ಝೆರ್ಯಾವಿಚ್ ಅಂದಾಜು ಇದರ ಆಸುಪಾಸಿನಲ್ಲೇ ಇತ್ತು. ಏಳು ಲಕ್ಷ ಎನ್ನುತ್ತಿದ್ದವರಿಗೂ, ನಲವತ್ತು ಸಾವಿರ ಎನ್ನುತ್ತಿದ್ದವರಿಗೂ ಆ ಇಪ್ಪತ್ತು ಸಾವಿರ ಮಕ್ಕಳ ಮುಖ ನೋಡಲು ಬೇಕಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಬೋಸ್ನಿಯಾ, 1992

1991ರ ಜೂನ್‌ನಲ್ಲಿ ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಹೊರನಡೆದವು. ಮರುವರ್ಷ ಬೋಸ್ನಿಯಾದ ಸರದಿ. 1991ರ ಜನಗಣತಿಯಲ್ಲಿ ಅಲ್ಲಿದ್ದವರು 43,77,033 ಜನ. ನೂರಕ್ಕೆ 43ರಷ್ಟು ಮುಸ್ಲಿಮರು, 31 ಸರ್ಬರು, 17 ಕ್ರೊಯಾಟರು. ನೂರಕ್ಕೆ ಐದಕ್ಕೂ ಹೆಚ್ಚು ಮಂದಿ ತಮ್ಮನ್ನು "ಯುಗೊಸ್ಲಾವ್" ಎಂದೇ ಬರೆಸಿದ್ದರು.

ಸರಾಯೆವೊವನ್ನು ಸುತ್ತಲಿನ ಗುಡ್ಡಗಳಿಂದ ಮುತ್ತಿದ ಸರ್ಬ್ ಪಡೆಗಳ ನಾಯಕ ರಾದೊವಾನ್ ಕರಾಜಿಚ್ ಅದೇ ಊರಿನ ಮನೋವೈದ್ಯ, ಕವಿ. ಅವರ ಜೊತೆಗಿದ್ದ ನಿಕೊಲಾ ಕೊಲ್ಯೆವಿಚ್ ಸರಾಯೆವೊ ವಿಶ್ವವಿದ್ಯಾಲಯದಲ್ಲಿ ಶೇಕ್ಸ್‌ಪಿಯರ್ ಪಾಠ ಹೇಳುತ್ತಿದ್ದ ಮೇಷ್ಟ್ರು. 1992ರ ಮೇನಲ್ಲಿ ಶೆಲ್ ಬಿದ್ದು ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸುಟ್ಟು, ಐದು ಸಾವಿರಕ್ಕೂ ಹೆಚ್ಚು ಅರೇಬಿಕ್, ತುರ್ಕಿ, ಪರ್ಷಿಯನ್ ಹಸ್ತಪ್ರತಿಗಳು ಬೂದಿಯಾದವು. ಆಗಸ್ಟ್ ಕೊನೆಯ ವಾರ ರಾಷ್ಟ್ರೀಯ ಗ್ರಂಥಾಲಯ ಉರಿಯಿತು. ಜನ ಸಾಲು ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸುತ್ತಿದ್ದಾಗಲೂ ಗುಡ್ಡದ ಮೇಲಿನಿಂದ ಗುಂಡು ಬೀಳುತ್ತಿತ್ತು. ಕೊಲ್ಯೆವಿಚ್ 1997ರ ಜನವರಿಯಲ್ಲಿ ತಲೆಗೆ ಗುಂಡು ಹಾರಿಸಿಕೊಂಡು ತೀರಿಕೊಂಡರು. ಕರಾಜಿಚ್‌ಗೆ 2019ರಲ್ಲಿ ಹೇಗ್‌ನ ಯುದ್ಧಾಪರಾಧ ನ್ಯಾಯಾಲಯದ ಮೇಲ್ಮನವಿ ಪೀಠ ಜೀವಾವಧಿ ಶಿಕ್ಷೆ ಕೊಟ್ಟಿತು.

ಎರಡು ಲಕ್ಷ ಎಂಬ ಸಂಖ್ಯೆ ಹುಟ್ಟಿದ್ದು ಈ ಮುತ್ತಿಗೆಯ ನಡುವೆ. ಯುದ್ಧದ ಎರಡನೇ ವರ್ಷದಲ್ಲೇ ಬೋಸ್ನಿಯಾ ಸರ್ಕಾರದ ಕಡೆಯಿಂದ ಅದು ಕೇಳಿಬಂತು. ಹೊರಗಿನ ಪತ್ರಕರ್ತರು ಬರೆದುಕೊಂಡರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ಜಗತ್ತು ಕಣ್ಣು ಬಿಟ್ಟು ನೋಡಲಿ ಎಂದು ಮುತ್ತಿಗೆಯೊಳಗೆ ಸಿಕ್ಕ ಸರ್ಕಾರ ದೊಡ್ಡ ಸಂಖ್ಯೆ ಹೇಳಿದರೆ ತಪ್ಪು ಹುಡುಕುವ ಮನಸ್ಸು ನನಗಂತೂ ಇಲ್ಲ. ಆದರೆ ಅದರ ಮೇಲೆ ಎರಡು ವರ್ಷ ಯುದ್ಧ ನಡೆದರೂ, 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾ ಪಟ್ಟಣದಲ್ಲಿ ಸರ್ಬ್ ಪಡೆಗಳು ಎಂಟು ಸಾವಿರದಷ್ಟು ಬೋಸ್ನಿಯಾಕ್ ಗಂಡಸರನ್ನು, ಹುಡುಗರನ್ನು ಕೊಂದರೂ ಆ ಸಂಖ್ಯೆ ಅಲ್ಲೇ ನಿಂತಿತ್ತು. ಆಗಲೇ ಯಾರಿಗಾದರೂ ಅನುಮಾನ ಬರಬೇಕಿತ್ತು. 1995ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಜಾರ್ಜ್ ಕೆನ್ನಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ಸತ್ತವರು ಇಪ್ಪತ್ತೈದರಿಂದ ಅರವತ್ತು ಸಾವಿರ ಇರಬಹುದು ಎಂದರು. ಅವರ ಕೈಯಲ್ಲೂ ಹೆಸರಿನ ಪಟ್ಟಿ ಇರಲಿಲ್ಲ. ಹೀಗೆ ಯಾಸೆನೊವಾಟ್ಸ್ ಕಥೆಯೇ ಮರುಕಳಿಸುವ ಎಲ್ಲ ಲಕ್ಷಣ ಕಾಣುತ್ತಿತ್ತು: ಒಂದು ಕಡೆ ಉಬ್ಬಿಸಿದ್ದು, ಇನ್ನೊಂದು ಕಡೆ ಕುಗ್ಗಿಸಿದ್ದು, ನಡುವೆ ಎಣಿಸುವವರು ಯಾರೂ ಇಲ್ಲ.

ಪಟ್ಟಿ ಮಾಡುವ ಕೆಲಸ

ತೊಕಾಚಾ ಯುದ್ಧಕಾಲದಲ್ಲೇ ಯುದ್ಧಾಪರಾಧಗಳ ಮಾಹಿತಿ ಸಂಗ್ರಹಿಸುವ ಸರ್ಕಾರಿ ಆಯೋಗದ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರು. 2004ರಲ್ಲಿ ಸರ್ಕಾರದಿಂದ ಬೇರೆಯಾಗಿ ಸಂಶೋಧನೆ ಮತ್ತು ದಾಖಲೀಕರಣ ಕೇಂದ್ರ ಶುರು ಮಾಡಿದರು. ಮೂರೂ ಸಮುದಾಯದ ಊರುಗಳಿಗೆ ಜನರನ್ನು ಕಳಿಸಿದರು.

ಕೆಲಸ ಹೇಗೆ ನಡೆಯಿತು ಎಂಬುದರಲ್ಲೇ ಇದರ ಜೀವ ಇದೆ. ಸೈನ್ಯಗಳ ಪಟ್ಟಿ, ಆಸ್ಪತ್ರೆ ದಾಖಲೆ, ರೆಡ್‌ಕ್ರಾಸ್‌ನ ಕಾಣೆಯಾದವರ ಪಟ್ಟಿ, ನ್ಯಾಯಾಲಯದ ಕಾಗದ, ಪತ್ರಿಕೆಯಲ್ಲಿ ಬಂದ ನಿಧನ ಸುದ್ದಿ, ಸಮಾಧಿ ಕಲ್ಲಿನ ಫೋಟೊ, ಮನೆಯವರ ಮಾತು. ಒಟ್ಟು 2,40,000ಕ್ಕೂ ಮಿಕ್ಕಿದ ಮಾಹಿತಿ ತುಣುಕುಗಳು ಗುಡ್ಡೆಯಾದವು. ಈಗ ನಿಜವಾದ ತಲೆನೋವು. ಒಬ್ಬನೇ ಮನುಷ್ಯ ಸೈನ್ಯದ ಪಟ್ಟಿಯಲ್ಲಿ ಪೂರ್ತಿ ಹೆಸರಿನಿಂದ ಇರುತ್ತಾನೆ, ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರಿನಿಂದ, ಕಾಣೆಯಾದವರ ಪಟ್ಟಿಯಲ್ಲಿ ಒಂದಕ್ಷರ ತಪ್ಪಿದ ಹೆಸರಿನಿಂದ. ಒಂದೇ ಕಣಿವೆಯಲ್ಲಿ ಒಂದೇ ಹೆಸರು, ಒಂದೇ ಮನೆತನದ ನಾಲ್ವರು ಇರುವುದು ಅಲ್ಲಿ ಮಾಮೂಲಿ. ಅದಕ್ಕೇ ಹೆಸರಿನ ನಡುವೆ ತಂದೆಯ ಹೆಸರು ಬರೆಯುವ ರೂಢಿ. ತಂದೆಯ ಹೆಸರು ಕೂಡಿದರೆ ಇಬ್ಬರು ಒಬ್ಬರಾಗುತ್ತಾರೆ, ಕೂಡದಿದ್ದರೆ ಒಬ್ಬ ಇಬ್ಬರಾಗುತ್ತಾನೆ. ಊರಿಂದ ಓಡಿಹೋಗಿ ಬೇರೆ ಪಟ್ಟಣದಲ್ಲಿ ಸತ್ತವನು ಎರಡು ಕಡೆಯೂ ದಾಖಲಾಗಿರುತ್ತಾನೆ. ಆದ್ದರಿಂದ ವಾಸದ ಊರು ಬೇರೆ, ಸತ್ತ ಊರು ಬೇರೆ ಎಂದು ಎರಡು ಕಲಂ. ಅಂಕಿಅಂಶ ಶಾಸ್ತ್ರ ಅನ್ನುವುದಕ್ಕಿಂತ ತಾಲ್ಲೂಕು ಕಚೇರಿಯ ಒಳ್ಳೆಯ ಗುಮಾಸ್ತನ ಕೆಲಸ ಅನ್ನಬೇಕು ಇದನ್ನು. ಎರಡು ಲಕ್ಷ ಎನ್ನಲು ಉಸಿರೊಂದು ಸಾಕು. ಈ ಕೆಲಸಕ್ಕೆ ವರ್ಷಗಳು ಬೇಕು.

ಪಟ್ಟಿ ಸಿದ್ಧವಾದ ಮೇಲೆ ಹೊರಗಿನ ಮೂವರು ತಜ್ಞರಿಗೆ ಪರೀಕ್ಷೆಗೆ ಕೊಟ್ಟರು: ಪ್ಯಾಟ್ರಿಕ್ ಬಾಲ್, ಎವಾ ತಾಬೊ, ಫಿಲಿಪ್ ವೆರ್ವಿಂಪ್. ಕೆಲಸ ಗಟ್ಟಿಯಾಗಿದೆ, ಆದರೆ ಇದನ್ನು ಕನಿಷ್ಠ ಸಂಖ್ಯೆ ಎಂದು ಓದಬೇಕು, ಸೈನಿಕ-ನಾಗರಿಕ ವಿಂಗಡಣೆಯ ಬಗ್ಗೆ ಎಚ್ಚರ ಬೇಕು ಎಂಬುದು ಅವರ ಅಭಿಪ್ರಾಯದ ಸಾರ. ಮತ್ತಷ್ಟು ಪರಿಶೀಲನೆಯ ನಂತರ ನಾಲ್ಕು ಸಂಪುಟಗಳಲ್ಲಿ "ಬೋಸ್ನಿಯಾದ ಸತ್ತವರ ಪುಸ್ತಕ" ಅಚ್ಚಾದಾಗ ಒಟ್ಟು 95,940. ಪ್ರಕಟಣೆಯಲ್ಲಿ ಕೈಜೋಡಿಸಿದ್ದು ಬೆಲ್‌ಗ್ರೇಡ್‌ನಲ್ಲಿ ನತಾಶಾ ಕಾಂದಿಚ್ ಕಟ್ಟಿದ ಮಾನವೀಯ ಕಾನೂನು ಕೇಂದ್ರ. ಸರಾಯೆವೊದ ಸತ್ತವರ ಪುಸ್ತಕಕ್ಕೆ ಬೆಲ್‌ಗ್ರೇಡ್‌ನ ಸಂಸ್ಥೆ ಜೊತೆ ನಿಂತಿತು. ಸರ್ಬಿಯಾದಲ್ಲಿ ದೇಶದ್ರೋಹಿ ಎಂಬ ಬೈಗುಳ ಕಾಂದಿಚ್‌ಗೆ ಹೊಸದಾಗಿರಲಿಲ್ಲ.

ಒಳಗಿನ ಅಂಕಿಗಳು ಹೀಗಿವೆ. ಬೋಸ್ನಿಯಾಕರು 62,013, ಸರ್ಬರು 24,953, ಕ್ರೊಯಾಟರು 8,403, ಇತರರು 571. ಸೈನಿಕರು 57,701, ನಾಗರಿಕರು 38,239. ಈ ನಾಗರಿಕರಲ್ಲಿ 31,107 ಮಂದಿ ಬೋಸ್ನಿಯಾಕರು, ಅಂದರೆ ನೂರಕ್ಕೆ 81. ಸರ್ಬ್ ನಾಗರಿಕರು 4,178, ಕ್ರೊಯಾಟ್ ನಾಗರಿಕರು 2,484.

ಎರಡೂ ಕಡೆಯವರಿಗೆ ಏಕೆ ಕಹಿಯಾಯಿತು ಎಂಬುದು ಇಲ್ಲಿ ಸ್ಪಷ್ಟ. "ಎಲ್ಲರೂ ಕೊಂದರು, ಎಲ್ಲರೂ ಸತ್ತರು, ಅಂತರ್ಯುದ್ಧ ಎಂದರೆ ಹಾಗೇ" ಎಂದು ಕೈತೊಳೆದುಕೊಳ್ಳುತ್ತಿದ್ದವರ ಬಾಯಿಯನ್ನು 81 ಎಂಬ ಅಂಕಿ ಮುಚ್ಚಿಸುತ್ತದೆ. ಅದೇ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸರ್ಬ್ ನಾಗರಿಕರ ಹೆಸರನ್ನೂ ಪುಸ್ತಕ ಬಿಡುವುದಿಲ್ಲ. ಸರಾಯೆವೊ ಮುತ್ತಿಗೆಯ ಒಳಗೆ, ಊರನ್ನು ಕಾಯುತ್ತಿದ್ದ ಸೈನ್ಯದ ಕಮಾಂಡರ್ ಒಬ್ಬನ ಹಿಂಬಾಲಕರು ನಗರದ ಸರ್ಬರನ್ನು ಎಳೆದೊಯ್ದು ಕಜಾನಿ ಎಂಬ ಗುಂಡಿಯಲ್ಲಿ ಕೊಂದು ಹಾಕಿದ್ದರು. ಆ ಬಗ್ಗೆ ಮಾತನಾಡುವುದು ನಗರಕ್ಕೆ ಬಹುಕಾಲ ಇಷ್ಟವಿರಲಿಲ್ಲ. ಅಲ್ಲಿ ನಗರಸಭೆ ಸ್ಮಾರಕ ನಿಲ್ಲಿಸಿದ್ದು 2021ರಲ್ಲಿ. ಕಲ್ಲಿನ ಮೇಲೆ ಸತ್ತವರ ಹೆಸರಿದೆ, ಕೊಂದವರು ಯಾರು ಎಂದಿಲ್ಲ.

ಬೋಸ್ನಿಯಾಕ್ ಸಮುದಾಯದ ಸಿಟ್ಟಿಗೆ ಇನ್ನೊಂದು ಕಾರಣವಿತ್ತು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಪಟ್ಟಿ ಬರುವ ನಾಲ್ಕು ತಿಂಗಳ ಹಿಂದೆ, 2007ರ ಫೆಬ್ರುವರಿ 26ರಂದು, ಅಂತರರಾಷ್ಟ್ರೀಯ ನ್ಯಾಯಾಲಯ ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ನರಮೇಧ, ಅದನ್ನು ತಡೆಯದ ತಪ್ಪು ಸರ್ಬಿಯಾದ್ದು, ಆದರೆ ನರಮೇಧ ಮಾಡಿದ ಹೊಣೆ ಸರ್ಬಿಯಾ ರಾಜ್ಯದ ಮೇಲಿಲ್ಲ ಎಂದು ತೀರ್ಪು ಕೊಟ್ಟಿತ್ತು. ಆ ಗಾಯ ಹಸಿಯಾಗಿರುವಾಗಲೇ ಒಟ್ಟು ಸಂಖ್ಯೆಯೂ ಅರ್ಧವಾಯಿತು. ಕಾನೂನಿನಲ್ಲಿ ನರಮೇಧ ತೀರ್ಮಾನವಾಗುವುದು ಉದ್ದೇಶದ ಮೇಲೆ, ಒಟ್ಟು ಹೆಣಗಳ ಮೇಲಲ್ಲ. ಆದರೆ ಮಗನ ಎಲುಬು ಇನ್ನೂ ಸಿಗದ ತಾಯಿಗೆ ಈ ವಾದ ಹೇಳುವ ಧೈರ್ಯ ಯಾರಿಗಿದೆ?

ಪಟ್ಟಿಯ ದೌರ್ಬಲ್ಯ

ಹೇಗ್‌ನ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿ ತನ್ನದೇ ಜನಸಂಖ್ಯಾ ತಜ್ಞರನ್ನು ಇಟ್ಟುಕೊಂಡಿತ್ತು. ಸತ್ತವರ ಹೆಸರುಗಳನ್ನು 1991ರ ಜನಗಣತಿಗೆ ಒಂದೊಂದಾಗಿ ತಾಳೆ ಹಾಕಿ, ಬಿಟ್ಟುಹೋದವರಿಗೆ ಅಂದಾಜು ಸೇರಿಸಿ 2005ರಲ್ಲಿ ಅವರು ಕಂಡುಕೊಂಡದ್ದು 1,02,622. 2010ರಲ್ಲಿ ಪರಿಷ್ಕರಿಸಿದಾಗ 1,04,732. ಸರಾಯೆವೊದ ಪುಟ್ಟ ಕಚೇರಿ, ಹೇಗ್‌ನ ನ್ಯಾಯಮಂಡಳಿ, ಎರಡು ದಾರಿ. ಉತ್ತರ ಲಕ್ಷದ ಆಸುಪಾಸು. ಒಟ್ಟು ಸಂಖ್ಯೆಯ ಜಗಳಕ್ಕೆ ಇಷ್ಟು ಸಾಕಾಗಬೇಕಿತ್ತು.

ಸಾಕಾಗದೇ ಉಳಿದದ್ದು ಒಳಗಿನ ವಿಂಗಡಣೆ. ಹೇಗ್ ತಜ್ಞರ 2005ರ ಲೆಕ್ಕದಲ್ಲಿ ನಾಗರಿಕರು 55,000ಕ್ಕೂ ಹೆಚ್ಚು. 2010ರ ಲೆಕ್ಕದಲ್ಲಿ 42,106. ತೊಕಾಚಾ ಪಟ್ಟಿಯಲ್ಲಿ 38,239. ಒಂದೇ ಸತ್ತವರು, ಸೈನಿಕ ಯಾರು ಎಂಬ ಪ್ರಶ್ನೆಗೆ ಮೂರು ಉತ್ತರ. ಸೈನ್ಯದ ಪಟ್ಟಿಯಲ್ಲಿ ಹೆಸರಿದ್ದವನು ಕಾದಾಡುತ್ತಲೇ ಸತ್ತ ಎಂದೇನಿಲ್ಲ. ಮನೆಗೆ ರಜೆಯಲ್ಲಿ ಬಂದವನು, ಸೆರೆ ಸಿಕ್ಕು ಕೈಕಟ್ಟಿಸಿಕೊಂಡು ಗುಂಡು ತಿಂದವನು ಕೂಡ ಸೈನಿಕನೇ ಆಗುತ್ತಾನೆ. ಜೊತೆಗೆ ಸತ್ತವನು ಸೈನಿಕ ಎಂದಾದರೆ ಮನೆಯವರಿಗೆ ಪಿಂಚಣಿ. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಬೇಕಾದ ಹೆಂಗಸು ಆತನನ್ನು ಸೈನಿಕ ಎಂದು ಬರೆಸಿದರೆ ಇತಿಹಾಸಕಾರರಿಗೆ ತೊಂದರೆಯಾಗುತ್ತದೆ ಎಂದು ಆಕೆ ಯೋಚಿಸಬೇಕೇ?

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಜನಗಣತಿಯಲ್ಲಿ ಯುಗೊಸ್ಲಾವ್ ಎಂದು ಬರೆಸಿದ್ದ ನೂರಕ್ಕೆ ಐದು ಮಂದಿ ಸತ್ತವರ ವಿಂಗಡಣೆಯಲ್ಲಿ ಆ ಹೆಸರಿನಿಂದ ಕಾಣುವುದಿಲ್ಲ. ಇತರರು ಎಂಬ ಸಾಲಿನಲ್ಲಿ ಇರುವುದು 571, ಅಂದರೆ ನೂರಕ್ಕೆ ಒಂದೂ ಇಲ್ಲ. ಬೆರಕೆ ಮದುವೆಯ ಮಕ್ಕಳು, ಧರ್ಮ-ಜನಾಂಗದ ಗೊಡವೆಯೇ ಬೇಡ ಎಂದಿದ್ದವರು ಸತ್ತ ಮೇಲೆ ಯಾವುದೋ ಒಂದು ಪಂಗಡಕ್ಕೆ ಸಂದರು. ಜೊತೆಗೆ, ಈ ಪುಸ್ತಕ ಎಣಿಸುವುದು ಯುದ್ಧದ ನೇರ ಹಿಂಸೆಗೆ ಸಿಕ್ಕವರನ್ನು. ಇನ್ಸುಲಿನ್ ಸಿಗದೆ, ಚಳಿಗೆ, ಹೆರಿಗೆಯಲ್ಲಿ ಸತ್ತವರು ಇದರ ಹೊರಗೆ.

ಪಟ್ಟಿ ಬಂದ ಮೇಲೆ

ಕಾಂದಿಚ್ ಅವರ ಸಂಸ್ಥೆ ಇದೇ ದಾರಿಯಲ್ಲಿ ಕೊಸೊವೊದ ಸತ್ತವರನ್ನೂ ಎಣಿಸಿತು. 1998ರಿಂದ 2000ದವರೆಗೆ ಸತ್ತವರು, ಕಾಣೆಯಾದವರು 13,535. ಅವರಲ್ಲಿ ಅಲ್ಬೇನಿಯನ್ನರು 10,812, ಸರ್ಬರು 2,197, ರೋಮಾ ಮತ್ತಿತರರು 526. ಅಲ್ಲಿ ಎಣಿಕೆ ಇನ್ನೂ ಹೆಚ್ಚು ಎಚ್ಚರದಿಂದ ನಡೆಯಿತು: ಹೆಸರಿನ ಜೊತೆ ಆ ವ್ಯಕ್ತಿ ಯಾರು, ಹೇಗೆ ಸತ್ತ ಎಂಬ ಸಣ್ಣ ಕಥನವೂ ಇದೆ. ಕ್ರೊಯೇಷಿಯಾದ ಸತ್ತವರ ಕೆಲಸವನ್ನು ಜಾಗ್ರೆಬ್‌ನ ದೊಕುಮೆಂತಾ ಸಂಸ್ಥೆ ಕೈಗೆತ್ತಿಕೊಂಡಿತು. ಇತಿಹಾಸಕಾರರ ಕಡೆಯಿಂದಲೂ ಪ್ರಯತ್ನ ನಡೆಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಚಾರ್ಲ್ಸ್ ಇಂಗ್ರಾವೊ 2001ರಿಂದ ಎಲ್ಲ ಕಡೆಯ ವಿದ್ವಾಂಸರನ್ನು ಒಂದೇ ಮೇಜಿಗೆ ಕೂರಿಸಿ, ವಿವಾದದ ಒಂದೊಂದು ವಿಷಯಕ್ಕೂ ಜಂಟಿಯಾಗಿ ಬರೆಸಿದರು. ಒಳ್ಳೆಯ ಕೆಲಸ, ಓದುವವರು ವಿದ್ವಾಂಸರೇ.

ಮಕ್ಕಳು ಓದುವುದು ಬೇರೆ. ಬೋಸ್ನಿಯಾದ ಕೆಲವು ಊರುಗಳಲ್ಲಿ ಒಂದೇ ಶಾಲಾ ಕಟ್ಟಡದಲ್ಲಿ ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊಯಾಟ್ ಮಕ್ಕಳಿಗೆ ಇನ್ನೊಂದು. ಸರ್ಬ್ ಆಡಳಿತದ ಭಾಗದಲ್ಲಿ 2017ರಲ್ಲಿ ಅಧ್ಯಕ್ಷ ಮಿಲೊರಾದ್ ದೊದಿಕ್, ಸ್ರೆಬ್ರೆನಿತ್ಸಾ ನರಮೇಧ, ಸರಾಯೆವೊ ಮುತ್ತಿಗೆ ಎಂದು ಹೇಳುವ ಪಠ್ಯಪುಸ್ತಕಕ್ಕೆ ಇಲ್ಲಿ ಜಾಗವಿಲ್ಲ ಎಂದು ಘೋಷಿಸಿದರು. 2021ರ ಜುಲೈನಲ್ಲಿ, ಬೋಸ್ನಿಯಾದ ಶಾಂತಿ ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿಯಾಗಿದ್ದ ವಾಲೆಂಟಿನ್ ಇಂಜ್ಕೊ ನರಮೇಧ ನಿರಾಕರಿಸುವುದೇ ಅಪರಾಧ ಎಂದು ಆದೇಶ ಹೊರಡಿಸಿದರು. ಆದೇಶದಿಂದ ಒಪ್ಪಿಗೆ ಹುಟ್ಟುವುದಿಲ್ಲ ಎನ್ನುವುದನ್ನು ಯುಗೊಸ್ಲಾವಿಯಾದಷ್ಟು ಚೆನ್ನಾಗಿ ಬಲ್ಲ ದೇಶ ಇನ್ನೊಂದಿಲ್ಲ. ಆದರೂ ನಿರಾಕರಣೆ ಸರ್ಕಾರಿ ನೀತಿಯೇ ಆಗಿರುವಾಗ ಅವರಿಗೆ ಬೇರೆ ಯಾವ ದಾರಿ ಉಳಿದಿತ್ತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಒಡೆದ ದೇಶದ ಎಲ್ಲ ರಾಜ್ಯಗಳೂ ಸೇರಿ 1991ರಿಂದ 2001ರವರೆಗಿನ ಪ್ರತಿ ಬಲಿಯ ಹೆಸರನ್ನು ಬರೆದಿಡುವ ಒಂದು ಅಧಿಕೃತ ಆಯೋಗ ರಚಿಸಬೇಕೆಂದು ರೆಕೊಮ್ ಎಂಬ ಒಕ್ಕೂಟ ವರ್ಷಗಟ್ಟಲೆ ಓಡಾಡಿತು. ಐದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. 2018ರ ಜುಲೈನಲ್ಲಿ ಲಂಡನ್‌ನ ಶೃಂಗಸಭೆಯಲ್ಲಿ ಸರ್ಕಾರಗಳು ಸಹಿ ಹಾಕುತ್ತವೆ ಎಂಬ ನಿರೀಕ್ಷೆಯಿತ್ತು. ಹಾಕಲಿಲ್ಲ. ಪಟ್ಟಿಯ ಕೆಲಸ ಸರ್ಕಾರೇತರ ಸಂಸ್ಥೆಗಳ ಹೆಗಲ ಮೇಲೆಯೇ ಉಳಿಯಿತು.